ಮರೀನಾ ಆಮೇಲೆ ಕಟ್ಟಿ, ಮೊದಲು ಅಳಿವೆಯ ಆಳ ಹೇಳಿ

ಮಾನ್ಯ ಸಂಪಾದಕರೇ,

ಕರಾವಳಿ ಪ್ರವಾಸೋದ್ಯಮ ಅಂದ ಕೂಡಲೇ ನಮ್ಮಲ್ಲಿ ಜೆಟ್ ಸ್ಕೀ, ಪ್ಯಾರಾಸೇಲಿಂಗ್, ಕೋಟಿಗಟ್ಟಲೆ ಖರ್ಚಿನ ಮರೀನಾ (ವಿಹಾರ ದೋಣಿಗಳ ನಿಲ್ದಾಣ), ಇಷ್ಟೇ ಮಾತು. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 300 ಕಿ.ಮೀ. ಕಡಲತೀರ ಇದೆ. ಸಣ್ಣ ಹಾಯಿದೋಣಿಯಲ್ಲಿ ಹೊರಟು, ರಾತ್ರಿ ಎಲ್ಲೋ ಒಂದು ಮರೆಯಲ್ಲಿ ಲಂಗರು ಹಾಕಿ ಮಲಗಿ, ಬೆಳಗ್ಗೆ ಮುಂದಿನ ಜಾಗಕ್ಕೆ ಹೋಗುವವರಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲ. ಗೆಳೆಯರ ದೋಣಿಯಲ್ಲಿ ಆಗಾಗ ಹೀಗೆ ಹೋಗುವ ನಾನು ಹೇಳುತ್ತೇನೆ, ಬೇಕಾಗಿರುವುದು ತೀರಾ ಕಡಿಮೆ.

ಘಟ್ಟದ ಮೇಲಿನವನಿಗೆ ಸಮುದ್ರದ ಉಸಾಬರಿ ಯಾಕೆ ಅನ್ನಬೇಡಿ. ಮಲೆನಾಡಿನ ಮೆಣಸು, ಅಕ್ಕಿ ಘಟ್ಟ ಇಳಿದು ಹೊನ್ನಾವರ, ಬಸರೂರಿನಲ್ಲಿ ಹಡಗು ಹತ್ತುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಗೋವಾದಿಂದ ಸಮುದ್ರದ ಮೇಲೆ ಹೊನ್ನಾವರಕ್ಕೆ ಬಂದು, ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ ಸೇರಿ, ಘಟ್ಟ ಹತ್ತಿ ನಮ್ಮ ಇಕ್ಕೇರಿಗೆ ಬಂದಿದ್ದ. ನಮ್ಮ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯ ನೀರು ಸಮುದ್ರ ಸೇರುವ ಅಳಿವೆಯ ಬಗ್ಗೆ ನಾವೂ ಮಾತಾಡಬಹುದು, ಅಲ್ವಾ?

ನವೆಂಬರಿನಿಂದ ಫೆಬ್ರವರಿವರೆಗೆ ಈ ಕಡಲು ಸಣ್ಣ ದೋಣಿಗೆ ಹೇಳಿ ಮಾಡಿಸಿದಂತಿರುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ, ದಡದ ಹತ್ತಿರ ಅಲೆಯೂ ಜಾಸ್ತಿ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತು ವಾಯವ್ಯದಿಂದ ಸಮುದ್ರದ ಗಾಳಿ ಏಳುತ್ತದೆ. ನಸುಕಿನಲ್ಲಿ ಲಂಗರು ಎತ್ತಿ ದಕ್ಷಿಣಕ್ಕೆ ಹೊರಟರೆ ಎರಡೂ ಗಾಳಿ ಬಳಸಿಕೊಂಡು ಕತ್ತಲಾಗುವುದರೊಳಗೆ ನಲವತ್ತು ಕಿ.ಮೀ. ಆರಾಮಾಗಿ ಹೋಗಬಹುದು. ವಾಪಸ್ ಉತ್ತರಕ್ಕೆ ಬರುವುದು ಮಾತ್ರ ಗೋಳು, ಮಧ್ಯಾಹ್ನವೆಲ್ಲಾ ಎದುರುಗಾಳಿಯಲ್ಲಿ ಹಾವಿನಂತೆ ಅಡ್ಡಡ್ಡ ಹೋಗುತ್ತಿರಬೇಕು. ಹಿಂದೆ ಮಂಗಳೂರು ಹೆಂಚು ಹೊತ್ತ ಮಂಜಿಗಳಿಗೂ (ಸರಕಿನ ಹಾಯಿ ಹಡಗುಗಳಿಗೂ) ಇದೇ ಗಾಳಿಯ ಲೆಕ್ಕವೇ ಗತಿ.

ತೊಂದರೆ ಇರುವುದು ರಾತ್ರಿ ನಿಲ್ಲುವ ಜಾಗದ್ದು. ಕಾರವಾರದ ಕೊಲ್ಲಿಗೆ ದ್ವೀಪಗಳ ಮರೆ ಇದೆ. ಓಂ ಬೀಚು, ಕುಡ್ಲೆ ನೋಡಲು ಚೆಂದ, ಆದರೆ ಪಡುವಣಕ್ಕೆ ಬಾಯಿ ತೆರೆದಿವೆ, ಸ್ವಲ್ಪ ಅಲೆ ಎದ್ದರೂ ದೋಣಿ ರಾತ್ರಿಯಿಡೀ ಹೊರಳಾಡುತ್ತದೆ, ನಿದ್ದೆ ಇಲ್ಲ. ನಿಜವಾದ ಆಸರೆ ಅಂದರೆ ನದಿಗಳ ಒಳಗೆ: ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಮುಂದೆ ಗಂಗೊಳ್ಳಿ. ಒಳಗೆ ಹೋಗಲು ಅಳಿವೆ ದಾಟಬೇಕು. ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹಾಯಿದೋಣಿಯ ಅಡಿಭಾಗ ನೀರಿನೊಳಗೆ ಒಂದೂವರೆ, ಎರಡು ಮೀಟರ್ ಇಳಿದಿರುತ್ತದೆ, ಭರತ, ಅಂದರೆ ನೀರು ಏರುವ ಹೊತ್ತು, ನೋಡಿಕೊಂಡೇ ನುಗ್ಗಬೇಕು. ಹಳೆಯ ನಕ್ಷೆ ನಂಬಿಕೊಂಡು ನುಗ್ಗಿದರೆ ಮುಗಿಯಿತು. ದಿನಾ ಓಡಾಡುವ ಮೀನುಗಾರರ ಬೋಟುಗಳೇ ಹೊನ್ನಾವರದ ಅಳಿವೆಯಲ್ಲಿ ಮಗುಚಿದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇವೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮಳೆಗಾಲ ಮುಗಿದ ಮೇಲೆ ಪ್ರತಿ ಅಳಿವೆಯ ಆಳ ಅಳೆದು, ದೋಣಿ ಹೋಗುವ ದಾರಿಗೆ ಬೋಯ್ (ನೀರಲ್ಲಿ ತೇಲುವ ಗುರುತು) ಕಟ್ಟಿ, ಆ ಅಂಕಿಅಂಶವನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವ ಹಾಗೆ ಹಾಕಿ. ಇದು ಮೋಜಿಗೆ ಬರುವ ನಮ್ಮಂಥವರಿಗಿಂತ ಮೀನುಗಾರರಿಗೇ ಜಾಸ್ತಿ ಉಪಯೋಗ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಹವಳದ ಮೇಲೆ ಲಂಗರು ಬಿದ್ದರೆ ಅದು ಪುಡಿಯಾಗುತ್ತದೆ, ಬೆಳೆಯಲು ಎಷ್ಟೋ ವರ್ಷ ಬೇಕು. ಅಲ್ಲಿ ದೋಣಿ ಕಟ್ಟಲು ಕಾಯಂ ಬೋಯ್ ಬೇಕು, ಲಂಗರು ಹಾಕುವುದನ್ನೇ ನಿಲ್ಲಿಸಬೇಕು. ಇನ್ನು ಭದ್ರತೆ. 2008ರ ಮುಂಬೈ ದಾಳಿಯ ನಂತರ ಕರಾವಳಿ ಕಾವಲು ಬಿಗಿಯಾಗಿದ್ದು ಸರಿಯೇ, ಯಾರು ಎಲ್ಲಿಗೆ ಹೋಗುತ್ತಿದ್ದಾರೆ ಅಂತ ಪೊಲೀಸರಿಗೆ ಗೊತ್ತಿರಲೇಬೇಕು. ಆದರೆ ಕಾರವಾರದಲ್ಲಿ ಒಮ್ಮೆ ಕೊಟ್ಟ ವಿವರವೇ ಮಲ್ಪೆಯವರೆಗೆ ನಡೆಯುವಂತಿರಲಿ.

ಮರೀನಾ ಬೇಡ ಅಂತ ಹೇಳುತ್ತಿಲ್ಲ, ದುಡ್ಡಿದ್ದರೆ ಆಮೇಲೆ ಕಟ್ಟಲಿ. ಅಳತೆಯ ಕೆಲಸವನ್ನು ಬಂದರು ಇಲಾಖೆ ಈ ಸಲದ ಮಳೆಗಾಲ ಮುಗಿಯುತ್ತಿದ್ದಂತೆ ಹೊನ್ನಾವರ ಮತ್ತು ತದಡಿಯಿಂದ ಶುರು ಮಾಡಲಿ.

– ಒಬ್ಬ ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ