ಗೇಟು ತೆರೆದ ದಿನವಲ್ಲ, ತೂಬಿಗೆ ನೀರು ಬರುವ ದಿನ ಹೇಳಿ

ಸಂಪಾದಕರೇ,

ಭದ್ರಾ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ಮುಗಿದ ಮರುದಿನ ಪತ್ರಿಕೆಗಳಲ್ಲಿ ಬರುವುದು ಎರಡೇ ಸಾಲು: ಬಲದಂಡೆ ನಾಲೆಗೆ ಇಂಥ ದಿನದಿಂದ ನೀರು, ಇಷ್ಟು ದಿನ ಆನ್ (ನೀರು ಬಿಡುವುದು), ಇಷ್ಟು ದಿನ ಆಫ್ (ನಿಲ್ಲಿಸುವುದು). ಆ ದಿನಾಂಕ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಗೇಟಿನದು. ದಾವಣಗೆರೆ, ಮಲೇಬೆನ್ನೂರು ಶಾಖಾ ನಾಲೆಗಳ ಕೊನೆ ಭಾಗದ ತೂಬಿಗೆ, ಅಂದರೆ ನಾಲೆಯಿಂದ ಹೊಲಗಾಲುವೆಗೆ ನೀರು ಬಿಡುವ ಕಿಂಡಿಗೆ, ನೀರು ಮುಟ್ಟುವುದು ದಿನಗಟ್ಟಲೆ ತಡವಾಗಿ. ಒಣಗಿದ ನಾಲೆ ಮೊದಲು ತಾನು ಕುಡಿದು ಆಮೇಲೆ ಮುಂದಕ್ಕೆ ಬಿಡುತ್ತದೆ. ದಾರಿಯಲ್ಲಿ ಪಂಪ್‌ಸೆಟ್‌ಗಳು ನೀರೆತ್ತುವುದು ಬೇರೆ. ಹೀಗಾಗಿ ಹತ್ತು ದಿನ ಆನ್ ಎಂದದ್ದು ಕೊನೆಯವನ ಪಾಲಿಗೆ ಹತ್ತು ದಿನವಾಗಿ ಬರುವುದೇ ಇಲ್ಲ. 2023ರ ಬರದಲ್ಲಿ ಇದೇ ಆನ್–ಆಫ್ ತಕರಾರು ದಾವಣಗೆರೆ ಬಂದ್‌ವರೆಗೂ ಹೋಯಿತು.

ನೀರು ಕಡಿಮೆ ಇದ್ದಾಗ ಸರದಿ ಬದಲಾಗಲೇಬೇಕು, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಬದಲಾದದ್ದನ್ನು ತಿಳಿಸುವ ರೀತಿ ಸರಿಯಿಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಒಂದು ಗಂಟೆ ಹರಿದರೆ ಹೆಚ್ಚೂಕಡಿಮೆ ಒಂದು ಎಕರೆಗೆ ಒಂದು ಅಂಗುಲ ನಿಲ್ಲುತ್ತದೆ. ಒಂದು ಕ್ಯುಸೆಕ್ ತೂಬಿನ ಕೆಳಗೆ 80 ಎಕರೆ ಇದೆ ಎನ್ನಿ. ನಿರಂತರ ನೀರಿದ್ದಾಗ ವಾರದ 168 ಗಂಟೆ ಹಂಚಿದರೆ ಎಕರೆಗೆ 2 ಗಂಟೆ 6 ನಿಮಿಷ. ಅದೇ ಹತ್ತು ದಿನ ಆನ್, ಹತ್ತು ದಿನ ಆಫ್ ಆದರೆ 240 ಗಂಟೆಯಲ್ಲಿ ಹೊಲಗಾಲುವೆ ತುಂಬಲು 8 ಗಂಟೆ ಕಳೆಯಿರಿ. ಉಳಿದ 232 ಗಂಟೆಗೆ ಎಕರೆಗೆ 2 ಗಂಟೆ 54 ನಿಮಿಷ. ಗಂಟೆ ಹೆಚ್ಚಾಯಿತಲ್ಲ ಎಂದು ಖುಷಿಪಡುವಂತಿಲ್ಲ. ಇಪ್ಪತ್ತು ದಿನಕ್ಕೆ ಮೂರು ಅಂಗುಲವೂ ಇಲ್ಲ. ಭತ್ತಕ್ಕೆ ಇದು ಸಾಲದು. ಎರೆ ಭೂಮಿಯಾದರೆ ಗದ್ದೆ ಬಿರುಕು ಬಿಟ್ಟು ಮುಂದಿನ ಸರದಿಯ ನೀರಿನ ಮೊದಲ ಪಾಲು ಬಿರುಕಿಗೇ ಹೋಗುತ್ತದೆ. ಆದ್ದರಿಂದ ಸಸಿಮಡಿಗೆ ಬೀಜ ಚೆಲ್ಲುವ ಮೊದಲೇ ಈ ಮಾತು ಊರಿಗೆ ಗೊತ್ತಾಗಬೇಕು. ನಾಟಿ ಮುಗಿದ ಮೇಲೆ ಹೇಳಿದರೆ ಅದು ಪ್ರಕಟಣೆಯಷ್ಟೇ, ಬೆಳೆ ಬದಲಿಸಲು ದಾರಿಯಿರುವುದಿಲ್ಲ.

ನೀರು ಬಳಕೆದಾರರ ಸಂಘಗಳು ಹಾಕುವ ನೋಟಿಸಿನಲ್ಲಿ ತೂಬಿನ ನಂಬರು, ನೀರು ಮುಟ್ಟುವ ದಿನ ಮತ್ತು ಗಂಟೆ, ನಿಲ್ಲುವ ಗಂಟೆ, ನಾಲೆಯ ನೀರಿನ ಎತ್ತರ ತೋರಿಸುವ ಗೇಜಿನಲ್ಲಿ ಇರಬೇಕಾದ ಮಟ್ಟ ಇರಲಿ. ಸರದಿ ತಲೆಯಿಂದ ಶುರುವೋ ಕೊನೆಯಿಂದಲೋ ಎಂಬುದನ್ನು ಬರೆಯದೆ ಬಿಟ್ಟರೆ ಮೊದಲ ರಾತ್ರಿಯೇ ತೂಬಿನ ಬಳಿ ಜಗಳ. ವಾರಕ್ಕೊಮ್ಮೆ ಸುತ್ತುವ ಸರದಿಯಲ್ಲಿ ಒಬ್ಬನಿಗೆ ಪ್ರತಿಸಲವೂ ರಾತ್ರಿ ಎರಡು ಗಂಟೆಯೇ ಬೀಳುತ್ತದೆ. ನಡುನಡುವೆ 12 ಗಂಟೆ ಜರುಗಿಸಬೇಕು, ಜರುಗಿಸಿದ್ದನ್ನೂ ಬರೆಯಬೇಕು.

ಹೊಸ ಪಟ್ಟಿಯ ತಲೆಯಲ್ಲೇ ‘ಇಂಥ ದಿನಾಂಕದ ಪಟ್ಟಿ ರದ್ದು’ ಎಂದು ದಪ್ಪಕ್ಷರದಲ್ಲಿ ಹಾಕಿ. ಇಲ್ಲದಿದ್ದರೆ ಹಳೆಯ ಪಟ್ಟಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ತಿಂಗಳು ಓಡಾಡುತ್ತದೆ, ಇಬ್ಬರೂ ತಮ್ಮ ತಮ್ಮ ಮೊಬೈಲ್ ಹಿಡಿದು ತಮ್ಮದೇ ಸರಿ ಎನ್ನುತ್ತಾರೆ. ಮೆಸೇಜ್ ಒಂದನ್ನೇ ನಂಬುವುದೂ ತಪ್ಪು. ಪಹಣಿಯಲ್ಲಿ ಹೆಸರಿರುವವರು ಬೆಂಗಳೂರಿನಲ್ಲಿರುತ್ತಾರೆ, ಹೊಲ ಮಾಡುವವರು ಗುತ್ತಿಗೆಯವರು ಅಥವಾ ಪಾಲಿನವರು. ಅವರ ನಂಬರು ಸಂಘದ ಪಟ್ಟಿಯಲ್ಲೇ ಇರುವುದಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಸೇರುವ ಹಾಲಿನ ಡೈರಿಯ ಗೋಡೆಗೆ ಅಂಟಿಸಿ, ಊರಲ್ಲಿ ಡಂಗುರ ಸಾರಿಸಿ, ಸರದಿಯಂತೆ ನೀರು ಬಿಡುವ ನೀರಗಂಟಿಯ ಕೈಯಲ್ಲೂ ಒಂದು ಪ್ರತಿ ಕೊಡಿ. ಪಂಚಾಯಿತಿ ಬೋರ್ಡಿನ ಗಾಜಿನೊಳಗೆ ಬೀಗ ಹಾಕಿಟ್ಟ ನೋಟಿಸನ್ನು ಓದುವವರನ್ನು ನಾವಂತೂ ಕಂಡಿಲ್ಲ.

ಆಫ್ ಶುರುವಾಗುವ ಗಂಟೆ ತಿಳಿಯದಿದ್ದರೆ ಗೊಬ್ಬರವೂ ದಂಡ. ನೀರು ಬರುತ್ತದೆಂದು ಯೂರಿಯಾ ಎರಚಿ ಕೂತರೆ ಆರುತ್ತಿರುವ ಹಸಿ ಮೇಲ್ಮಣ್ಣಿನಲ್ಲಿ ಅದರ ಒಂದು ಪಾಲು ಗಾಳಿಗೆ ಹೋಗುತ್ತದೆ. ನಾಟಿಯ ಬೆನ್ನಿಗೇ ಹಾಕುವ ಕಳೆನಾಶಕದ ಕಥೆಯೂ ಅದೇ. ಗದ್ದೆಯಲ್ಲಿ ತೆಳು ನೀರು ನಿಲ್ಲದಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಪತ್ರಿಕೆಯವರಲ್ಲಿ ಒಂದು ವಿನಂತಿ. ಐಸಿಸಿ ತೀರ್ಮಾನದ ಸುದ್ದಿಯ ಕೆಳಗೆ, ಯಾವ ಉಪನಾಲೆಗೆ ಯಾವ ದಿನ ನೀರು ಮುಟ್ಟುತ್ತದೆ ಎಂಬುದನ್ನು ನೀರಾವರಿ ಎಂಜಿನಿಯರ್‌ಗಳಿಂದ ಕೇಳಿ ಪಡೆದು ನಾಲ್ಕು ಸಾಲಿನ ಪಟ್ಟಿಯಾಗಿ ಹಾಕಿ. ಸರದಿ ಬದಲಾದ ದಿನ ಅದೇ ಜಾಗದಲ್ಲಿ ತಿದ್ದುಪಡಿ ಬರಲಿ.

— ಭದ್ರಾ ನಾಲೆ ಕೊನೆ ಭಾಗದ ನೀರು ಬಳಕೆದಾರರು, ದಾವಣಗೆರೆ ಜಿಲ್ಲೆ