ಮಗಳಿಗೊಂದು ಪತ್ರ: ವಿಶ್ವಾಸಪ್ರಮಾಣ ನಮ್ಮದೂ ಹೌದು

ಪ್ರೀತಿಯ ಮಗಳೇ,

ನಿನ್ನ ವಾಯ್ಸ್ ಮೆಸೇಜ್ ಬಂತು. ಭಾನುವಾರ ದೇವಾಲಯದಲ್ಲಿ ಎಲ್ಲರೂ ಎದ್ದು ನಿಂತು, ನಾವು ಏನನ್ನು ನಂಬುತ್ತೇವೆ ಅಂತ ಸಾರುವ ವಿಶ್ವಾಸಪ್ರಮಾಣ ಹೇಳುವಾಗ ನಿನಗೆ ಬಾಯಿ ತೆರೆಯಲು ಮನಸ್ಸೇ ಆಗುವುದಿಲ್ಲ ಅಂದಿದ್ದೀಯ. ರೋಮ್ ಚಕ್ರವರ್ತಿ ಕರೆಸಿದ ಸಭೆಯಲ್ಲಿ ಗ್ರೀಕ್ ಬಲ್ಲವರು ಬರೆದದ್ದು, ಆಮೇಲೆ ಯುರೋಪಿನವರು ಹಡಗಿನಲ್ಲಿ ತಂದು ನಮ್ಮ ಬಾಯಿಗೆ ಹಾಕಿದ್ದು, ನಮ್ಮ ಬಡತನಕ್ಕೂ ಜಾತಿಗೂ, ಹತ್ತಾರು ಧರ್ಮದವರ ಜೊತೆ ಒಂದೇ ಬೀದಿಯಲ್ಲಿ ಇರುವ ನಮ್ಮ ಬದುಕಿಗೂ ಇದರಲ್ಲಿ ಏನಿದೆ ಅಂತ ಕೇಳಿದ್ದೀಯ. ಏಷ್ಯಾದವರು ತಮ್ಮದೇ ಪ್ರಮಾಣ ಬರೆದುಕೊಳ್ಳಬೇಕು, ನಾನೂ ಒಂದು ಬರೆಯುತ್ತೇನೆ ಅಂತಲೂ ಹೇಳಿದ್ದೀಯ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯ. ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ನೋಡು. ಪ್ರಮಾಣ ಬರೆದ ಆ ಸಭೆ 325ರಲ್ಲಿ ಸೇರಿದ ನಿಕೇಯ ಅಂದರೆ ಇವತ್ತಿನ ಟರ್ಕಿಯ ಇಜ್ನಿಕ್, ಒಂದು ಸರೋವರದ ದಂಡೆಯ ಊರು. ಅದು ಏಷ್ಯಾ. 2025ಕ್ಕೆ ಆ ಸಭೆಗೆ 1700 ವರ್ಷ ತುಂಬಿತು. ಭೂಗೋಳದ ಮೇಲೆ ವಾದ ಗೆಲ್ಲಲು ಆಗುವುದಿಲ್ಲ, ಗೊತ್ತು. ಕಾನ್‌ಸ್ಟಂಟೈನ್ ಆ ಸಭೆ ಕರೆಸಿದ್ದು ನಿಜ. ತೀರ್ಮಾನ ಒಪ್ಪದ ಆರಿಯ ಅನ್ನುವ ಪಾದ್ರಿಯನ್ನು ಗಡಿಪಾರು ಮಾಡಿದ್ದೂ ನಿಜ. ಆದರೆ ಅದೇ ನಿಕೇಯದ ನಂಬಿಕೆಗೆ ಅಂಟಿಕೊಂಡು ನಿಂತ ಬಿಷಪ್ ಅಥನಾಸಿಯಸ್‌ನನ್ನು ಮುಂದೆ ಚಕ್ರವರ್ತಿಗಳು ಐದು ಸಲ ಊರು ಬಿಡಿಸಿದರು, ಮೊದಲ ಸಲ ಕಾನ್‌ಸ್ಟಂಟೈನೇ. ಅರಮನೆಯವರಿಗೆ ಬೇಕಾದ ಹಾಗೆ ಕುಣಿಯುವ ಕಾಗದ ಅದಾಗಿರಲಿಲ್ಲ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ರೋಮ್ ಗಡಿಯ ಆಚೆ ನಡೆದದ್ದು. ಪರ್ಷಿಯಾದಲ್ಲಿ ಆಗ ಸಾಕಷ್ಟು ಕ್ರೈಸ್ತರಿದ್ದರು. ರೋಮ್ ಚಕ್ರವರ್ತಿ ಕ್ರೈಸ್ತನಾದ ಮೇಲೆ, ಪರ್ಷಿಯಾದ ರಾಜ ಎರಡನೇ ಶಾಪುರನಿಗೆ ತನ್ನ ನಾಡಿನ ಕ್ರೈಸ್ತರೆಲ್ಲ ಶತ್ರುವಿನ ಕಡೆಯವರು ಅನ್ನಿಸಿತು. ಅವರ ಮೇಲೆ ಎರಡು ಪಟ್ಟು ತೆರಿಗೆ ಹಾಕಿಸಿದ. ಅದನ್ನು ನನ್ನ ಜನರಿಂದ ವಸೂಲಿ ಮಾಡಿಕೊಡುವುದಿಲ್ಲ ಅಂದ ಬಿಷಪ್ ಸಿಮೆಯೋನನನ್ನು ಕೊಲ್ಲಿಸಿದ. 340ರ ಸುಮಾರಿಗೆ ಶುರುವಾದ ಆ ಹಿಂಸೆ ಹತ್ತಾರು ವರ್ಷ ನಡೆಯಿತು. ನೀವು ಹೊರಗಿನವರ ಧರ್ಮದವರು, ನಿಮ್ಮ ನಿಷ್ಠೆ ಬೇರೆ ದೇಶಕ್ಕೆ ಅನ್ನುವ ಮಾತು ನಮ್ಮ ಕಿವಿಗೂ ಹೊಸದಲ್ಲ, ಅಲ್ವಾ? ಅವರು ಆ ಮಾತಿಗೆ ಪ್ರಾಣವನ್ನೇ ತೆತ್ತರು.

ಆಮೇಲೆ ಮೊದಲನೇ ಯಜ್ದೆಗರ್ದ್ ರಾಜನ ಕಾಲದಲ್ಲಿ ಸ್ವಲ್ಪ ಉಸಿರಾಡುವ ಹಾಗಾಯಿತು. 410ರಲ್ಲಿ ಟೈಗ್ರಿಸ್ ನದಿಯ ದಂಡೆಯ ಸೆಲ್ಯೂಸಿಯ-ಟೆಸಿಫೋನ್‌ನಲ್ಲಿ, ಇವತ್ತಿನ ಬಾಗ್ದಾದಿನ ಹತ್ತಿರ, ಪರ್ಷಿಯಾದ ಬಿಷಪ್ಪರು ಸೇರಿದರು. ನಿಕೇಯದ ಪ್ರಮಾಣ ಅವರ ಮುಂದೆ ಬಂತು. ಇದು ರೋಮಿನವರದ್ದು, ಇದರಿಂದಲೇ ನಮಗೆ ಇಷ್ಟೆಲ್ಲ ಕಷ್ಟ, ಬೇಡ ಅನ್ನಲು ಅವರಿಗಿಂತ ಒಳ್ಳೆಯ ಕಾರಣ ಬೇರೆ ಯಾರಿಗೂ ಇರಲಿಲ್ಲ. ಆದರೂ ಅದನ್ನು ಒಪ್ಪಿದರು. ಒಪ್ಪಿಸಲು ರೋಮಿನ ಒಬ್ಬ ಸೈನಿಕನೂ ಅಲ್ಲಿರಲಿಲ್ಲ. 424ರಲ್ಲಿ ಇನ್ನೊಂದು ಸಭೆ ಸೇರಿ, ನಮ್ಮ ತಕರಾರುಗಳನ್ನು ನಾವೇ ತೀರಿಸಿಕೊಳ್ಳುತ್ತೇವೆ, ಪಶ್ಚಿಮದವರ ಹತ್ತಿರ ದೂರು ಹೋಗುವ ಹಾಗಿಲ್ಲ ಅಂತ ತೀರ್ಮಾನಿಸಿದರು. ಪ್ರಮಾಣ ತಗೊಂಡರು, ಯಜಮಾನಿಕೆಯನ್ನು ತಗೊಳ್ಳಲಿಲ್ಲ. ನಾನು ನಿನಗೆ ಹೇಳಬೇಕು ಅಂದುಕೊಂಡದ್ದು ಹೆಚ್ಚುಕಡಿಮೆ ಇದೇ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬಹುದು, ನಮಗಿಂತ ಮುಂಚೆಯೇ ಏಷ್ಯಾದವರು ಅದನ್ನು ಮಾಡಿ ತೋರಿಸಿದ್ದಾರೆ.

ಪರ್ಷಿಯಾದ ಅದೇ ಕ್ರೈಸ್ತ ಸಭೆಯವರು ಮುಂದೆ ಚೀನಾಕ್ಕೂ ಹೋದರು. ಷಿಯಾನ್ ನಗರದ ವಸ್ತುಸಂಗ್ರಹಾಲಯದಲ್ಲಿ 781ರ ಒಂದು ಕಲ್ಲುಶಾಸನ ಇದೆ, ಚೀನೀ ಭಾಷೆಯಲ್ಲಿ, ನಡುನಡುವೆ ಅವರ ಆರಾಧನೆಯ ಭಾಷೆಯಾದ ಸಿರಿಯಾಕ್ ಅಕ್ಷರದಲ್ಲಿ. ಅಲೋಪೆನ್ ಅನ್ನುವವನು 635ರಲ್ಲಿ ಅಲ್ಲಿಗೆ ಬಂದದ್ದನ್ನು ಅದು ಹೇಳುತ್ತದೆ. ಅದರ ಆರಂಭ ಓದಿದರೆ ನಮ್ಮ ಪ್ರಮಾಣದ ಜಾಡೇ ಕಾಣುತ್ತದೆ: ತ್ರಿಯೇಕ ದೇವರು, ಸೃಷ್ಟಿ, ಕನ್ಯೆಯಲ್ಲಿ ಹುಟ್ಟಿದ ಮೆಸ್ಸೀಯ. ಮಾತಿನ ಬಟ್ಟೆ ಮಾತ್ರ ಪೂರ್ತಿ ಚೀನಾದ್ದು, ತಾವೋ ಮತ್ತು ಬೌದ್ಧ ಪದಗಳಿಂದ ನೇಯ್ದದ್ದು. ಅದನ್ನು ಬರೆದ ಜಿಂಗ್‌ಜಿಂಗ್ ಅನ್ನುವ ಪಾದ್ರಿ, ಪ್ರಜ್ಞ ಅನ್ನುವ ಬೌದ್ಧ ಭಿಕ್ಷುವಿನ ಜೊತೆ ಕೂತು ಒಂದು ಬೌದ್ಧ ಗ್ರಂಥವನ್ನು ಚೀನೀ ಭಾಷೆಗೆ ತರಲು ಹೊರಟಿದ್ದ. ರಾಜನಿಗೆ ಆ ಅನುವಾದ ಹಿಡಿಸಲಿಲ್ಲವಂತೆ. ಹಿಡಿಸದಿದ್ದರೇನು, ಒಬ್ಬ ಕ್ರೈಸ್ತನೂ ಒಬ್ಬ ಬೌದ್ಧನೂ ಒಂದೇ ಗ್ರಂಥದ ಮುಂದೆ ಕೂತಿದ್ದರು ಅನ್ನುವುದು ನನಗೆ ಬಹಳ ದೊಡ್ಡ ವಿಷಯ. ಪ್ರಮಾಣ ಹೇಳುವವರಿಗೆ ಪಕ್ಕದವರ ಜೊತೆ ಕೂರಲು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಇವರಿಬ್ಬರನ್ನು ನೆನಪಿಸು.

ಇನ್ನೊಂದು ಮಾತು ಗಮನಿಸು. 325ರ ಪ್ರಮಾಣದ ಕೊನೆಯಲ್ಲಿ, ಹೀಗೆ ನಂಬದವರನ್ನು ಶಪಿಸುವ ಸಾಲುಗಳಿದ್ದವು. ನಾವು ಹೇಳುವುದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿರುವ ರೂಪ. ಅದರಲ್ಲಿ ಆ ಶಾಪ ಇಲ್ಲ. ನಮ್ಮ ಎದುರು ಮನೆಯವರ ಬಗ್ಗೆ, ಮಸೀದಿಗೆ ಹೋಗುವವರ ಬಗ್ಗೆ, ದೇವಸ್ಥಾನಕ್ಕೆ ಹೋಗುವವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ನಾನು ಯಾರನ್ನು ನಂಬಿದ್ದೇನೆ ಅನ್ನುವುದಷ್ಟೇ ಇದೆ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು, ಜಗತ್ತಿನ ಸಭೆಗಳ ಒಕ್ಕೂಟದಲ್ಲಿ ಬೇರೆ ಧರ್ಮದವರೊಂದಿಗೆ ಸಂವಾದ ನಡೆಸುವ ವಿಭಾಗಕ್ಕೆ ಮೊದಲ ನಿರ್ದೇಶಕರಾಗಿದ್ದವರು. ನಮ್ಮ ಕರಾವಳಿಯ ಕ್ರೈಸ್ತರೊಬ್ಬರು ಆ ಕೆಲಸಕ್ಕೆ ಹೋದದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ನೀನು ಹಡಗಿನ ವಿಷಯ ಹೇಳಿದೆಯಲ್ಲ, ಅದು ಸುಳ್ಳಲ್ಲ. 1599ರಲ್ಲಿ ಕೇರಳದ ಉದಯಂಪೇರೂರಿನಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜಿಸ್ ಸಭೆ ಸೇರಿಸಿ, ಅಲ್ಲಿನ ಸಿರಿಯನ್ ಕ್ರೈಸ್ತರ ನಂಬಿಕೆಯನ್ನು ತಿದ್ದಲು ಹೊರಟ. ಅವರ ಸಿರಿಯಾಕ್ ಪುಸ್ತಕಗಳನ್ನು ತಿದ್ದಿಸಿದರು, ಸುಡಿಸಿದರು. ಆ ಜನ ನೂರಾರು ವರ್ಷಗಳಿಂದ ಅದೇ ನಿಕೇಯ ಪ್ರಮಾಣವನ್ನು ತಮ್ಮ ಆರಾಧನೆಯಲ್ಲಿ ಹೇಳುತ್ತಿದ್ದವರು! 1653ರಲ್ಲಿ ಅವರು ಮಟ್ಟಾಂಚೇರಿಯಲ್ಲಿ ಕೂನನ್ ಶಿಲುಬೆಯ ಮುಂದೆ ಆಣೆ ಮಾಡಿ ಆ ಹಿಡಿತವನ್ನು ಕಿತ್ತು ಹಾಕಿದರು. ಆಣೆ ಮಾಡಿದ ಮೇಲೂ ಪ್ರಮಾಣ ಬಿಡಲಿಲ್ಲ. ಪರ್ಷಿಯಾದವರು ಮಾಡಿದ್ದನ್ನೇ ಇವರೂ ಮಾಡಿದರು ನೋಡು.

ನಿನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ನಾವು ಹೇಳುವ ಇನ್ನೊಂದು, ನಿಕೇಯದ್ದಕ್ಕಿಂತ ಚಿಕ್ಕದಾದ ಅಪೊಸ್ತಲರ ವಿಶ್ವಾಸಪ್ರಮಾಣ ಪೂರ್ತಿ ಬಾಯಿಪಾಠ ಇತ್ತು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಹೇಳಿಕೊಳ್ಳುತ್ತಿದ್ದರು, ಕಲ್ಲು ಸಿಕ್ಕಿದಾಗ ನಿಲ್ಲಿಸಿ, ಅದನ್ನು ಎಸೆದು, ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು. ಯೇಸು ಸಾವಿನಿಂದ ಎದ್ದ "ಮೂರನೆಯ ದಿನದಲ್ಲಿ" ಅನ್ನುವಾಗ ದನಿ ಸ್ವಲ್ಪ ಏರುತ್ತಿತ್ತು. ಬೈಬಲ್ ಓದಲು ಬಾರದ ಹೆಂಗಸಿಗೆ ಅದು ಇಡೀ ಬೈಬಲನ್ನು ಕೈಯಲ್ಲಿ ಹಿಡಿದ ಹಾಗೆ. ಜಪಾನಿನ ನಾಗಸಾಕಿ ಕಡೆಯ ಮೀನುಗಾರರು, ರೈತರು ಇದನ್ನು ಇನ್ನೂ ಕಷ್ಟದಲ್ಲಿ ಮಾಡಿದ್ದಾರೆ. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಪಾದ್ರಿಗಳನ್ನು ಕೊಂದರು, ಓಡಿಸಿದರು. ಕ್ರಿಸ್ತನ ಚಿತ್ರವನ್ನು ಎಲ್ಲರೆದುರು ತುಳಿಯಬೇಕಿತ್ತು. ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿ ಇಲ್ಲ, ದೇವಾಲಯ ಇಲ್ಲ. ಅಪ್ಪನಿಂದ ಮಗನಿಗೆ, ಬಾಯಿಂದ ಬಾಯಿಗೆ, ಒರಾಶೋ ಅನ್ನುವ ಪ್ರಾರ್ಥನೆಗಳು ಇಳಿದು ಬಂದವು. ಅದರಲ್ಲಿ ವಿಶ್ವಾಸಪ್ರಮಾಣವೂ ಇತ್ತು. ಲ್ಯಾಟಿನ್ ಮಾತುಗಳು ಸವೆದು ಗುರುತು ಸಿಗದಷ್ಟು ಬದಲಾದವು, ಹೇಳುವವರಿಗೇ ಎಷ್ಟೋ ಕಡೆ ಅರ್ಥ ಗೊತ್ತಿರಲಿಲ್ಲ. 1865ರ ಮಾರ್ಚ್‌ನಲ್ಲಿ ನಾಗಸಾಕಿಯ ಓಊರಾ ದೇವಾಲಯಕ್ಕೆ ಉರಾಕಾಮಿ ಹಳ್ಳಿಯ ಕೆಲವರು ಬಂದು, ಫ್ರೆಂಚ್ ಪಾದ್ರಿ ಪೆತಿಜಾನ್ ಹತ್ತಿರ ಮೆಲ್ಲಗೆ, ನಿಮ್ಮ ಮನಸ್ಸೇ ನಮ್ಮ ಮನಸ್ಸು ಅಂತ ಹೇಳಿದರು. ಅರ್ಥವಾಗದ್ದನ್ನು ಯಾಕೆ ಹೇಳಬೇಕು ಅಂತ ನೀನು ಕೇಳುತ್ತೀಯ. ಆ ಜನರ ಬದುಕು ನೋಡಿದ ಮೇಲೆ ನನಗೆ ಹಾಗೆ ಕೇಳಲು ಬಾಯಿ ಬರುವುದಿಲ್ಲ.

ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗ, ಪಿಲಾತ ಕೆಟ್ಟವನಲ್ವಾ ಟೀಚರ್, ಅವನ ಹೆಸರು ಯಾಕೆ ಹೇಳಬೇಕು ಅಂತ ನನ್ನನ್ನು ಕೇಳಿದ್ದ. ಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಎರಡೇ ಮನುಷ್ಯರ ಹೆಸರು ಬರುತ್ತವೆ, ಒಬ್ಬಳು ಮರಿಯ, ಇನ್ನೊಬ್ಬ ಪೊಂತ್ಯ ಪಿಲಾತ. ಪೇತ್ರ ಇಲ್ಲ, ಪೌಲ ಇಲ್ಲ, ಕಾನ್‌ಸ್ಟಂಟೈನ್ ಇಲ್ಲ. ಒಬ್ಬ ಹಳ್ಳಿ ಹುಡುಗಿ, ಒಬ್ಬ ಸರಕಾರಿ ಅಧಿಕಾರಿ. ಪಿಲಾತ ಸುಮಾರು 26ರಿಂದ 36ರವರೆಗೆ ರೋಮಿನ ಪರವಾಗಿ ಯೂದಾಯದ ಅಧಿಪತಿಯಾಗಿದ್ದ. 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲೂ ಸಿಕ್ಕಿತು. ಯೇಸುವಿನ ಸಾವಿಗೆ ಯೆಹೂದಿ ಜನರನ್ನೆಲ್ಲ ಹೊಣೆ ಮಾಡಿ ಕ್ರೈಸ್ತ ಸಭೆ ಮುಂದೆ ಎಷ್ಟೋ ಪಾಪ ಮಾಡಿತು, ಆದರೆ ಪ್ರಮಾಣ ಬೆರಳು ತೋರಿಸುವುದು ಯಾವ ಜನಾಂಗದ ಕಡೆಗೂ ಅಲ್ಲ. ಯೇಸುವನ್ನು ಶಿಲುಬೆಗೆ ಹಾಕಲು ಒಪ್ಪಿಗೆ ಕೊಟ್ಟ ಅಧಿಕಾರಿಯ ಹೆಸರನ್ನಷ್ಟೇ ಅದು ಹೇಳುತ್ತದೆ. ಠಾಣೆಯಲ್ಲಿ ಸತ್ತವನಿಗೆ, ಗುಡಿಸಲು ಕೆಡವಿಸಿಕೊಂಡವನಿಗೆ, ಯಾವ ಸಾಹೇಬರ ಸಹಿಯಿಂದ ಇದಾಯಿತು ಅಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ನಾವು ಪ್ರತಿ ಭಾನುವಾರ ಅದನ್ನು ಗಟ್ಟಿಯಾಗಿ ಹೇಳುತ್ತೇವೆ. ಆ ಸಾಲನ್ನು ಹೇಳುವಾಗ ನಿನ್ನ ಏಷ್ಯಾ ಎಲ್ಲಿಗೂ ಹೋಗಿರುವುದಿಲ್ಲ, ಮಗಳೇ, ಅಲ್ಲೇ ನಿಂತಿರುತ್ತದೆ.

ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಯೇಸು ಹುಟ್ಟಿದ, ಬಾಧೆಪಟ್ಟ ಅನ್ನುತ್ತದೆ ಪ್ರಮಾಣ. ನಡುವೆ ಏನೂ ಇಲ್ಲ. ಕುಷ್ಠರೋಗಿಯನ್ನು ಮುಟ್ಟಿದ್ದು, ಸುಂಕದವರ ಮನೆಯಲ್ಲಿ ಉಂಡದ್ದು, ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳಿದ್ದು, ಒಂದೂ ಇಲ್ಲ. ಜಾತಿಯ ನಾಡಿನಲ್ಲಿ ಇದು ಸಣ್ಣ ಕೊರತೆ ಅಲ್ಲ. ತಮಿಳುನಾಡಿನ ವಡಕ್ಕನ್‌ಕುಲಂನಲ್ಲಿ ಒಂದೇ ದೇವಾಲಯದೊಳಗೆ ಎರಡು ಜಾತಿಯವರ ನಡುವೆ ಗೋಡೆ ಇತ್ತು. ಗೋಡೆಯ ಎರಡೂ ಕಡೆಯವರು "ಒಂದೇ ಸಭೆ"ಯನ್ನು ನಂಬುತ್ತೇವೆ ಅನ್ನುವವರೇ. ಗೋಡೆ ಆಮೇಲೆ ಬಿತ್ತು, ಆದರೆ ಪ್ರಮಾಣ ಹೇಳಿದ್ದರಿಂದ ತಾನಾಗಿ ಬೀಳಲಿಲ್ಲ. ಇದಕ್ಕೇ ಅರವಿಂದ ನಿರ್ಮಲ್ ಅವರ ಕೆಲಸ ನನಗೆ ಇಷ್ಟ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅವರು ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರಕ್ಕೆ ಚಾಲನೆ ಸಿಕ್ಕಿತು. ಅವರು ಹಿಡಿದದ್ದು ಇನ್ನೂ ಹಳೆಯ ಪ್ರಮಾಣವನ್ನು, ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ್ದು, ನನ್ನ ಪೂರ್ವಿಕ ಅಲೆಯುತ್ತಿದ್ದ ಅರಾಮ್ಯನು ಅಂತ ಶುರುವಾಗುವುದು. ಅದರ ಪಕ್ಕದಲ್ಲಿ ತಮ್ಮ ಪೂರ್ವಿಕನನ್ನು ನಿಲ್ಲಿಸಿದರು: ನನ್ನ ದಲಿತ ಪೂರ್ವಿಕನಿಗೆ ಹಾಗೆ ಅಲೆಯುವ ಸ್ವಾತಂತ್ರ್ಯವೂ ಇರಲಿಲ್ಲ, ಅವನನ್ನು ಊರಿನಿಂದಲೇ ಹೊರಗಿಟ್ಟಿದ್ದರು ಅಂದರು. ಹಳೆಯದನ್ನು ಬಿಸಾಡಲಿಲ್ಲ, ಅದರೊಳಗೆ ತಮ್ಮ ಜನರಿಗೆ ಜಾಗ ಮಾಡಿದರು.

ಕೊರಿಯಾದ ಮೆಥೊಡಿಸ್ಟರು 1930ರಲ್ಲಿ ತಮ್ಮದೇ ಪ್ರಮಾಣ ಬರೆದರು, ನೀನು ಅದನ್ನು ಓದಲೇಬೇಕು. ಕ್ರಿಸ್ತನನ್ನು ಗುರು, ಮಾದರಿ, ವಿಮೋಚಕ ಅಂತ ಕರೆಯುತ್ತದೆ. ಆ ಖಾಲಿ ಜಾಗ ಸ್ವಲ್ಪ ತುಂಬಿತು. ಆದರೆ ಪಿಲಾತ ಅಲ್ಲಿಲ್ಲ. ಆಗ ಅವರ ದೇಶ ಜಪಾನಿನ ಆಳ್ವಿಕೆಯಲ್ಲಿತ್ತು, ಆ ಹೆಸರು ಅವರಿಗೆ ಎಷ್ಟು ಬೇಕಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಬಾಯಿ ತೆರೆಯಲು ಆಗುವುದಿಲ್ಲ ಅಂದೆಯಲ್ಲ, ಅದಕ್ಕೂ ನಮ್ಮ ಸಭೆಯಲ್ಲಿ ಜಾಗ ಇದೆ. ಬೇರೆ ಬೇರೆ ಸಭೆಗಳು ಒಂದಾಗಿ ನಮ್ಮ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಆಗುವಾಗ, 1919ರ ತರಂಗಂಬಾಡಿಯ ಮಾತುಕತೆಯಿಂದ 1947ರ ಸೆಪ್ಟೆಂಬರ್ 27ರವರೆಗೆ, ಬಿಷಪ್ ಅಜರಾಯರಂಥವರು ಜೀವ ತೇಯ್ದರು. ಅವರು ಒಂದಾಗಲು ಹೊರಟಿದ್ದಕ್ಕೆ ಕಾರಣ ಇಂಗ್ಲೆಂಡಿನಲ್ಲಿ ಹುಟ್ಟಿದ ಜಗಳಗಳು ನಮ್ಮ ಹಳ್ಳಿಗಳಲ್ಲಿ ಯಾಕೆ ಮುಂದುವರಿಯಬೇಕು ಅನ್ನುವ ಸಂಕಟ. ಒಂದಾಗಲು ಆಧಾರ ಹುಡುಕಿದಾಗ ಸಿಕ್ಕಿದ್ದರಲ್ಲಿ ಈ ಎರಡು ಹಳೆಯ ಪ್ರಮಾಣಗಳೂ ಇದ್ದವು, ಅವು ಆ ಜಗಳಗಳಿಗಿಂತ ಹಳೆಯವು. ಆದರೆ ಪ್ರತಿಯೊಬ್ಬರೂ ಅದರ ಪ್ರತಿ ಪದಕ್ಕೂ ಒಪ್ಪಿಗೆ ಕೊಡಲೇಬೇಕು ಅಂತ ಒತ್ತಾಯ ಮಾಡುವುದಿಲ್ಲ ಅಂತಲೂ ಒಪ್ಪಂದದಲ್ಲಿ ಬರೆದರು. ಹಾಗಾಗಿ ಆಗದ ಭಾನುವಾರ ಸುಮ್ನೆ ನಿಂತಿರು. ಅಕ್ಕಪಕ್ಕದವರು ಹೇಳುತ್ತಾರೆ, ನೀನು ಅವರ ನಡುವೆಯೇ ಇರುತ್ತೀಯ.

ಬರೆಯುತ್ತೇನೆ ಅಂದಿದ್ದನ್ನು ಬರೆ. ಆ ನಡುವಿನ ಜಾಗದಲ್ಲಿ ಬಾವಿಯ ಹೆಂಗಸನ್ನು ತಾ, ಸುಂಕದವರ ಮನೆಯ ಊಟವನ್ನು ತಾ, ಇನ್ನೇನು ಬೇಕೋ ತಾ. ಬರೆದ ಮೇಲೆ ನನಗೆ ಕಳಿಸು, ನಮ್ಮ ಸ್ತ್ರೀಯರ ಕೂಟದಲ್ಲಿ ಓದಿಸುತ್ತೇನೆ, ಅವರು ಏನು ಹೇಳುತ್ತಾರೋ ಕೇಳೋಣ. ಪಿಲಾತನ ಹೆಸರನ್ನು ಮಾತ್ರ ತೆಗೆಯಬೇಡ.

ಪ್ರೀತಿಯಿಂದ,
ಅಮ್ಮ