ಆರೋಗ್ಯ ಯೋಜನೆಯ ಬಗ್ಗೆ ಬಡಾವಣೆಯ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ನಮ್ಮ ರಸ್ತೆಯಲ್ಲಿ ಮನೆಗೆಲಸ ಮಾಡುವ ತಾಯಿಯೊಬ್ಬರು ಕಳೆದ ವಾರ ಪತಿಯ ಶಸ್ತ್ರಚಿಕಿತ್ಸೆಗಾಗಿ ಮಾಂಗಲ್ಯದ ಸರವನ್ನು ಗಿರವಿ ಇಡಲು ಹೊರಟಿದ್ದರು. ಅವರ ಕೈಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಿಪಿಎಲ್ ಕಾರ್ಡ್ ಭದ್ರವಾಗಿಯೇ ಇತ್ತು. ಅದರಿಂದ ಚಿಕಿತ್ಸೆಯೂ ದೊರೆಯುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆ ಸಂಕಟವೇ ಈ ಸೂಚನೆಗೆ ಕಾರಣ.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಬಹಳ ಜನ ಎಡವುವುದು ಶಿಫಾರಸು ಪತ್ರದ ವಿಷಯದಲ್ಲಿ: ತುರ್ತು ಸಂದರ್ಭಗಳನ್ನು ಬಿಟ್ಟರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಕೊಡುವ ಪತ್ರ ಹಿಡಿದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮುಂಗಡ ಕಟ್ಟುವ ಮೊದಲೇ, ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ದಯವಿಟ್ಟು ಭೇಟಿಯಾಗಿ.

ಜ್ವರ, ಬಿಪಿ, ಸಕ್ಕರೆ ಕಾಯಿಲೆಗಳಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು. ತಪಾಸಣೆ, ಔಷಧಿ ಎರಡೂ ಉಚಿತ. ನಿತ್ಯದ ಮಾತ್ರೆಗಳನ್ನು ಕೊಳ್ಳುವವರು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಖರ್ಚು ಬಹಳಷ್ಟು ತಗ್ಗುತ್ತದೆ.

ತಮ್ಮ ಮನೆಗೆಲಸದವರು, ಚಾಲಕರು ಮತ್ತು ಕಾವಲುಗಾರರ ಆಧಾರ್ ಹಾಗೂ ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಈ ವಾರವೇ ನೋಡಿ ಎಂಬುದು ನನ್ನ ವಿನಂತಿ. ಯೋಜನೆಯ ಕಾರ್ಡ್ ಮಾಡಿಸಲು ನೆರವು ಬೇಕಾದವರನ್ನು ಭಾನುವಾರ ಬೆಳಿಗ್ಗೆ 10 ಗಂಟೆಗೆ ಉದ್ಯಾನದ ಮಂಟಪಕ್ಕೆ ಕಳುಹಿಸಿ, ನಾನು ಅಲ್ಲಿರುತ್ತೇನೆ.